ಮೇ ತಿಂಗಳ ಹಿತ್ತಿಲನ್ನು ಸವರುವ ಮುನ್ನ

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ನೆಲೆಸಿದವರು. ಸಾಗರ ತಾಲ್ಲೂಕಿನಲ್ಲಿರುವ ಅತ್ತೆ-ಮಾವನವರ ಹಳ್ಳಿಮನೆಗೆ ಏಪ್ರಿಲ್ ಕೊನೆಗೆ ಬಂದಿದ್ದೇವೆ, ಜೂನ್ ಮೊದಲ ವಾರದವರೆಗೆ ಇರುತ್ತೇವೆ. ಮನೆಯ ಹಿಂದೆ ಅರ್ಧ ಎಕರೆಯಷ್ಟು ಹಿತ್ತಿಲಿದೆ. ಎಲ್ಲೆಲ್ಲೂ ತರಗೆಲೆ, ಒಣಗಿದ ಪೊದೆ, ಹಳೆಯ ಸೌದೆಯ ರಾಶಿ. ಮಳೆ ಹಿಡಿಯುವ ಮುನ್ನ ಎಲ್ಲವನ್ನೂ ಸವರಿ ಬೆಂಕಿ ಹಾಕಿಬಿಡೋಣ ಎಂದು ಕೆಲಸಕ್ಕೆ ಬರುವವರು ಹೇಳುತ್ತಿದ್ದಾರೆ. ಬಚ್ಚಲುಮನೆಯ ಹಿಂಗೋಡೆಯಲ್ಲಿ ಒಂದು ತೂತಿದೆ, ಅದಕ್ಕೆ ಸಿಮೆಂಟ್ ಮೆತ್ತಿಸಬೇಕು. ಆದರೆ ಮೂರು ದಿನಗಳಿಂದ ಕಪ್ಪು-ಬಿಳುಪಿನ ಹಕ್ಕಿಯೊಂದು ಕೊಕ್ಕಿನಲ್ಲಿ ಹುಳು ಹಿಡಿದು ಅದರೊಳಗೆ ಹೋಗಿ ಬರುತ್ತಿದೆ. ಕಳೆದ ವಾರ ಎರಡು ಉದ್ದನೆಯ ಹಾವುಗಳು ಹೆಣೆದುಕೊಂಡು ಎದ್ದು ನಿಂತದ್ದನ್ನು ಕಂಡು ಹೆದರಿದೆವು. ಹಕ್ಕಿಗಳಿಗೆ ನೀರಿಡಬೇಕೆ? ನನ್ನವರು ಚಿಕ್ಕವರಿದ್ದಾಗ ಹಿತ್ತಿಲ ತುಂಬ ಮಿಂಚುಹುಳುಗಳಿದ್ದವಂತೆ, ಈಗ ಏಕೆ ಬೆರಳೆಣಿಕೆಯಷ್ಟೇ ಕಾಣುತ್ತವೆ? ಒಂಬತ್ತು ವರ್ಷದ ಮಗಳು ಇಡೀ ದಿನ ಹಿತ್ತಿಲಿನಲ್ಲೇ ಇರುತ್ತಾಳೆ. ಎಷ್ಟರಮಟ್ಟಿಗೆ ಬಿಡಬಹುದು?

ಉತ್ತರ: ಮೊದಲು ಬೆಂಕಿಯ ವಿಷಯ. ಅದು ಇವತ್ತೋ ನಾಳೆಯೋ ನಡೆದುಹೋಗಬಹುದಾದ ಕೆಲಸ. ದಯವಿಟ್ಟು ಹಾಕಿಸಬೇಡಿ. ನಿಮ್ಮ ಉಳಿದ ಪ್ರಶ್ನೆಗಳಲ್ಲಿ ಅರ್ಧದಷ್ಟಕ್ಕೆ ಉತ್ತರ ಆ ತರಗೆಲೆಯ ಅಡಿಯಲ್ಲಿಯೇ ಇದೆ.

ಮಲೆನಾಡಿನ ಹಿತ್ತಿಲು ಮೇ ತಿಂಗಳಲ್ಲಿ ಜೀವ ಹೋದಂತೆ ಕಾಣುತ್ತದೆ. ಬಸಳೆ ಚಪ್ಪರ ಬಾಡಿರುತ್ತದೆ, ಬಾವಿಯ ನೀರು ತಳ ಕಂಡಿರುತ್ತದೆ, ಕಾಲಿಟ್ಟಲ್ಲೆಲ್ಲ ಎಲೆ ಚರಚರ ಎನ್ನುತ್ತದೆ. ಆದರೆ ವರ್ಷದಲ್ಲಿ ಅತಿ ಹೆಚ್ಚು ಗೂಡು, ಮೊಟ್ಟೆ, ಮರಿಗಳಿರುವ ಕಾಲಗಳಲ್ಲಿ ಇದೂ ಒಂದು. ಭರಣಿ, ಕೃತ್ತಿಕೆಯ ಅಡ್ಡಮಳೆ ಒಂದೆರಡು ಬಿದ್ದರೆ ಸಾಕು, ಚಿಗುರು ಒಡೆಯುತ್ತದೆ, ಚಿಗುರಿಗೆ ಕಂಬಳಿಹುಳುಗಳು ಬರುತ್ತವೆ, ಮರಿಗಳ ಬಾಯಿಗೆ ಆ ಹುಳುಗಳೇ ಬೇಕು. ಮೃಗಶಿರ ಹಿಡಿದ ಮೇಲೆ ನಿಮ್ಮ ಕಡೆ ಮಳೆ ವಾರಗಟ್ಟಲೆ ಬಿಡುವುದಿಲ್ಲ. ಅಷ್ಟರಲ್ಲಿ ಮರಿಗಳಿಗೆ ರೆಕ್ಕೆ ಬಲಿತರೆ ಗೆದ್ದಂತೆ. ನಾವು ಮಳೆಗಾಲದ ತಯಾರಿ ಎಂದು ಹಿತ್ತಿಲು ಸವರುವುದೂ ಅವು ಮಳೆಗಾಲದ ತಯಾರಿ ಎಂದು ಅದೇ ಹಿತ್ತಿಲಿನಲ್ಲಿ ಸಂಸಾರ ಹೂಡುವುದೂ ಒಂದೇ ಮೂರು-ನಾಲ್ಕು ವಾರಗಳಲ್ಲಿ ಬರುತ್ತವೆ. ಮೂವತ್ತು ವರ್ಷಗಳಿಂದ ಮಲೆನಾಡಿನ ತೋಟ-ಹಿತ್ತಿಲುಗಳನ್ನು ನೋಡುತ್ತ ಬಂದವನಾಗಿ ಹೇಳುತ್ತೇನೆ, ಬೇಟೆಯಿಂದ ಆಗುವ ಹಾನಿಗಿಂತ ಈ ಮೂರು ವಾರಗಳ ಚೊಕ್ಕಟತನದಿಂದ ಆಗುವ ಹಾನಿಯೇ ನನ್ನನ್ನು ಹೆಚ್ಚು ಕಾಡಿದೆ. ಅದರ ಹಿಂದೆ ಕೆಟ್ಟ ಮನಸ್ಸು ಇರುವುದಿಲ್ಲ. ಅದಕ್ಕೇ ಅದನ್ನು ನಿಲ್ಲಿಸುವುದು ಕಷ್ಟ.

ಹಾಗೆಂದು ಮಳೆಗಾಲದ ತಯಾರಿ ಬೇಡವೆನ್ನುವಂತಿಲ್ಲ. ಹೆಂಚು ಸರಿಪಡಿಸಬೇಕು, ಸೌದೆ ಒಳಗೆ ಸೇರಬೇಕು, ಕಾಲುವೆ ಬಿಡಿಸಬೇಕು, ಸೂರಿನ ಮೇಲೆ ಬಾಗಿದ ಒಣ ಕೊಂಬೆ ಇಳಿಸಬೇಕು. ಯಾವುದನ್ನು ಎಲ್ಲಿ, ಯಾವಾಗ ಮಾಡಬೇಕು ಎಂಬುದಷ್ಟೇ ಪ್ರಶ್ನೆ. ಹಿತ್ತಿಲನ್ನು ಮನಸ್ಸಿನಲ್ಲಿಯೇ ಎರಡು ಪಾಲು ಮಾಡಿಕೊಳ್ಳಿ. ಮನೆಯ ಸುತ್ತ ಹದಿನೈದು-ಇಪ್ಪತ್ತು ಅಡಿ ನಿಮ್ಮದು. ಅಲ್ಲಿ ದಿನವೂ ಗುಡಿಸಿ, ಹುಲ್ಲು ಕೊಯ್ಯಿರಿ, ಗೋಡೆಗೆ ಒರಗಿಸಿದ ಹಳೆಯ ಹೆಂಚು, ಹಲಗೆ, ಗೋಣಿಚೀಲಗಳನ್ನು ತೆಗೆಯಿರಿ. ಬಾವಿಗೆ, ಕೊಟ್ಟಿಗೆಗೆ, ಬಚ್ಚಲಿಗೆ ಹೋಗುವ ಕಾಲುದಾರಿಯೂ ಹೀಗೆಯೇ ಚೊಕ್ಕಟವಾಗಿರಲಿ. ಅದರಾಚೆಯ ಪಾಲಿಗೆ ಮಳೆ ಹಿಡಿದು ಒಂದು ತಿಂಗಳಾಗುವವರೆಗೆ ಕತ್ತಿ ಹೋಗದಿರಲಿ. ಗುಡಿಸಿದ ಎಲೆಯನ್ನು ಸುಡುವ ಬದಲು ಮಾವು, ಹಲಸು, ತೆಂಗಿನ ಬುಡಕ್ಕೆ ಹಾಕಿಸಿ. ಕಾಂಡಕ್ಕೆ ತಾಗದಂತೆ ಒಂದು ಗೇಣು ಜಾಗ ಬಿಡಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ತೊಗಟೆ ಕೊಳೆಯುತ್ತದೆ.

ಆ ಎಲೆಯ ಅಡಿಯಲ್ಲಿ ಏನಿದೆ ಎಂದು ಮಗಳನ್ನು ಜೊತೆಗಿಟ್ಟುಕೊಂಡು ಒಮ್ಮೆ ನೋಡಿ. ಕೈ ಹಾಕಬೇಡಿ, ಉದ್ದನೆಯ ಕೋಲಿನಿಂದ ಮೆಲ್ಲಗೆ ಸರಿಸಿ. ನಡುಮಧ್ಯಾಹ್ನದಲ್ಲಿಯೂ ಮೇಲಿನ ಎಲೆ ಪುಡಿಪುಡಿಯಾಗುತ್ತಿರುವಾಗ ನಾಲ್ಕು ಬೆರಳು ಕೆಳಗೆ ತಂಪು ಉಳಿದಿರುತ್ತದೆ. ಆ ತಂಪಿನಲ್ಲಿ ಎರೆಹುಳು, ಬಸವನಹುಳು, ಸಹಸ್ರಪದಿಗಳಿರುತ್ತವೆ. ಹೊಳೆಯುವ ಮೈಯ ಹಾವುರಾಣಿ ಸರಕ್ಕನೆ ಜಾರಿಹೋಗುತ್ತದೆ. ಮಳೆಗಾಗಿ ಕಾಯುತ್ತ ಕುಳಿತ ಪುಟ್ಟ ಕಪ್ಪೆಗಳಿರುತ್ತವೆ. ಮಿಂಚುಹುಳುವಿನ ಮರಿಗಳೂ ಇಲ್ಲಿಯೇ ಇರುತ್ತವೆ, ಅದನ್ನು ಮುಂದೆ ಹೇಳುತ್ತೇನೆ. ನೀವು ಏಪ್ರಿಲ್ ಕೊನೆಗೆ ಬಂದಾಗ ಮುಂಜಾನೆ, ಮುಸ್ಸಂಜೆ ಎರಡು ಸ್ವರದ ಗಟ್ಟಿ ಸಿಳ್ಳು ಕೇಳಿದ್ದರೆ ಅದು ನವರಂಗ ಹಕ್ಕಿ. ಚಳಿಗಾಲವನ್ನೆಲ್ಲ ನಮ್ಮ ಹಿತ್ತಿಲುಗಳ ತರಗೆಲೆ ಮಗುಚಿ ಹುಳು ತಿಂದು, ಬೇಸಿಗೆಯ ಕೊನೆಗೆ ಮರಿ ಮಾಡಲು ಉತ್ತರಕ್ಕೆ ಹೊರಟುಬಿಡುತ್ತದೆ. ಎಲೆ ಸುಟ್ಟ ಹಿತ್ತಿಲಿನಲ್ಲಿ ಅದಕ್ಕೆ ಹೊಟ್ಟೆಪಾಡಿಲ್ಲ.

ಇಲ್ಲೊಂದು ಗಂಭೀರ ಎಚ್ಚರಿಕೆ ಕೊಡಬೇಕು, ಏಕೆಂದರೆ ನೀವಿರುವುದು ಸಾಗರ ತಾಲ್ಲೂಕು. ಹಿತ್ತಿಲಿನ ಎಲೆ ಉಳಿಸಿ ಎಂದೆ. ಸೊಪ್ಪಿನಬೆಟ್ಟದಿಂದ, ಕಾಡಂಚಿನಿಂದ ತರಗೆಲೆ ಗುಡಿಸಿ ತರಿಸಿ ಎಂದು ಖಂಡಿತ ಹೇಳುತ್ತಿಲ್ಲ. ಮಂಗನ ಕಾಯಿಲೆ ಮೊದಲು ಕಂಡದ್ದು 1957ರಲ್ಲಿ, ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ನಿಮ್ಮದೇ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಕೊಟ್ಟ ನೋವನ್ನು ಊರಿನವರು ಮರೆತಿಲ್ಲ. ಅದನ್ನು ಹರಡುವುದು ಉಣುಗು. ಡಿಸೆಂಬರಿನಿಂದ ಮೇ ತನಕ ಎಳ್ಳಿನಷ್ಟು ಸಣ್ಣ ಉಣುಗಿನ ಮರಿಗಳು ಕಾಡಿನ ತರಗೆಲೆಯಲ್ಲಿ ತುಂಬಿರುತ್ತವೆ, ಮಳೆ ಹಿಡಿದ ಮೇಲೆ ಕಡಿಮೆಯಾಗುತ್ತವೆ. ಮಂಗ ಸತ್ತುಬಿದ್ದರೆ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲಿನ ಎಲೆಯಲ್ಲಿ ಸೇರಿಕೊಳ್ಳುತ್ತವೆ. ಹಾಗಾಗಿ ಹಿತ್ತಿಲಿನಲ್ಲಾಗಲೀ ಬೆಟ್ಟದಲ್ಲಾಗಲೀ ಸತ್ತ ಮಂಗ, ಮುಸಿಯ ಕಂಡರೆ ಹತ್ತಿರ ಹೋಗಬೇಡಿ, ನೀವೇ ಹೂಳಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೂಡಲೇ ತಿಳಿಸಿ. ಹಿತ್ತಿಲು ಕಾಡಿಗೆ ಹೊಂದಿಕೊಂಡಿದ್ದರೆ ಆ ಅಂಚಿಗೆ ಮಗಳು ಹೋಗುವುದು ಬೇಡ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ತಂದಿಟ್ಟುಕೊಳ್ಳಿ, ಹೊರಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನಲ್ಲಿ ಮೈ ತೊಳೆದು ಬಟ್ಟೆ ಬದಲಿಸಿ. ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರ ಬಳಿಗೆ ಹೋಗಿ, ಕಾಡಿನ ಅಂಚಿನಲ್ಲಿ ಓಡಾಡಿದ್ದೇವೆ ಎಂಬುದನ್ನು ಮರೆಯದೆ ಹೇಳಿ. ಬೆಂಗಳೂರಿಗೆ ಮರಳಿದ ಮೇಲೆ ಜ್ವರ ಬಂದರೆ ಇದನ್ನು ಹೇಳುವುದು ಇನ್ನೂ ಮುಖ್ಯ. ಮಂಗಗಳಿಗೆ ಬಾಳೆಹಣ್ಣು, ಅನ್ನ ಇಡುವ ಅಭ್ಯಾಸವೂ ಬೇಡ. ಕರುಣೆಯಿಂದಲೇ ಮಾಡುತ್ತಾರೆ, ಆದರೆ ಅವುಗಳನ್ನು ಮನೆಯಂಗಳಕ್ಕೆ ಕರೆದುಕೊಂಡಷ್ಟೂ ಎರಡೂ ಕಡೆಗೆ ಕೇಡು.

ಇನ್ನು ಗೋಡೆಯ ತೂತು. ನಿಮ್ಮ ವರ್ಣನೆಗೆ ಹೊಂದುವುದು ಮಡಿವಾಳ ಹಕ್ಕಿ. ಗಂಡು ಹೊಳೆಯುವ ಕಪ್ಪು, ಹೊಟ್ಟೆ ಮತ್ತು ರೆಕ್ಕೆಯ ಪಟ್ಟಿ ಬಿಳಿ. ಹೆಣ್ಣಿಗೆ ಕಪ್ಪಿನ ಜಾಗದಲ್ಲಿ ಬೂದುಬಣ್ಣ. ಬೆಳಗಿನ ಐದು ಗಂಟೆಗೆ ತೆಂಗಿನ ಗರಿಯ ತುದಿಯಲ್ಲೋ ಹೆಂಚಿನ ಕೋಡಿನ ಮೇಲೋ ಕುಳಿತು ಹಾಡುವುದು ಗಂಡು. ಮರದ ಪೊಟರೆ, ಗೋಡೆಯ ಸಂದು, ಹಳೆಯ ಕೊಳವೆಯ ಬಾಯಿ ಇಂಥಲ್ಲಿ ಗೂಡು ಮಾಡುತ್ತವೆ. ನಾಲ್ಕೈದು ಮೊಟ್ಟೆ ಇಟ್ಟು ಹೆಣ್ಣು ಎರಡು ವಾರದೊಳಗೆ ಕಾವು ಮುಗಿಸುತ್ತದೆ. ಹೊರಗಿನಿಂದ ನೋಡಿಯೇ ಗೂಡು ಯಾವ ಹಂತದಲ್ಲಿದೆ ಎಂದು ತಿಳಿಯಬಹುದು. ಕೊಕ್ಕಿನಲ್ಲಿ ಒಣಹುಲ್ಲು, ನಾರು ಇದ್ದರೆ ಇನ್ನೂ ಕಟ್ಟುತ್ತಿವೆ. ಹೆಣ್ಣು ಕಾಣಿಸುವುದೇ ಅಪರೂಪವಾಗಿ ಗಂಡು ಹತ್ತಿರದಲ್ಲಿ ಕಾವಲಿದ್ದರೆ ಕಾವು ನಡೆದಿದೆ. ಹುಳು ಹಿಡಿದು ಒಳಹೋಗಿ ಬರಿಗೊಕ್ಕಿನಲ್ಲಿ ಹೊರಬಂದರೆ ಮರಿಗಳಿವೆ. ಹೊರಬರುವಾಗ ಬಿಳಿಯ ಸಣ್ಣ ಚೀಲದಂಥದ್ದು ಕೊಕ್ಕಿನಲ್ಲಿದ್ದರೆ ಅದು ಮರಿಗಳ ಹಿಕ್ಕೆ. ತಾಯ್ತಂದೆಯರು ಅದನ್ನು ದೂರ ಒಯ್ದು ಹಾಕಿ ಗೂಡನ್ನು ಚೊಕ್ಕಟವಾಗಿಡುತ್ತವೆ.

ನೀವು ಮೂರು ದಿನಗಳಿಂದ ಹುಳು ಒಯ್ಯುವುದನ್ನು ನೋಡಿದ್ದೀರಿ. ಅಂದರೆ ಮರಿಗಳು ಒಡೆದು ಕನಿಷ್ಠ ಮೂರು ದಿನವಾಗಿದೆ. ಹಾರುವುದಕ್ಕೆ ಸುಮಾರು ಹದಿನೈದು ದಿನ ಬೇಕು. ನೀವಿನ್ನೂ ಒಂದು ತಿಂಗಳಾದರೂ ಅಲ್ಲಿರುತ್ತೀರಿ. ಗಾರೆಯವರಿಗೆ ಎರಡು ವಾರ ಬಿಟ್ಟು ಬರಲು ಹೇಳಿ, ನಿಮ್ಮ ಕೆಲಸಕ್ಕೂ ತೊಂದರೆಯಾಗುವುದಿಲ್ಲ. ಅಲ್ಲಿಯವರೆಗೆ ಟಾರ್ಚ್ ಬಿಟ್ಟು ಒಳಗೆ ನೋಡುವುದು, ಮೊಬೈಲ್ ಚಾಚಿ ಫೋಟೊ ತೆಗೆಯುವುದು ಬೇಡ. ನೀವು ಪದೇ ಪದೇ ಹೋದ ದಾರಿಯನ್ನು ಬೆಕ್ಕು, ಕಾಗೆಗಳು ಗಮನಿಸುತ್ತವೆ. ಮರಿ ಗೂಡಿನಿಂದ ಹೊರಬಂದ ಮೊದಲ ದಿನಗಳಲ್ಲಿ ಮೋಟುಬಾಲದೊಂದಿಗೆ ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಅನಾಥ ಎಂದುಕೊಂಡು ಒಳಗೆ ತರಬೇಡಿ. ತಾಯ್ತಂದೆಯರು ಪಕ್ಕದ ಪೊದೆಯಲ್ಲಿಯೇ ಇರುತ್ತಾರೆ. ನಿಮ್ಮ ಮನೆಯ ಬೆಕ್ಕನ್ನು ಆ ಎರಡು ದಿನ ಒಳಗೆ ಕೂಡಿಹಾಕಿದರೆ ಅದೇ ದೊಡ್ಡ ಉಪಕಾರ.

ಬೇಲಿಯ ದಾಸವಾಳ, ಕೇಪಳ, ಕವಳಿ ಮಟ್ಟಿಗಳಿಗೂ ಇದೇ ಲೆಕ್ಕ. ಎದೆಯೆತ್ತರದ ಕವಲಿನಲ್ಲಿ ಕೆಮ್ಮೀಸೆ ಪಿಕಳಾರ ಬಟ್ಟಲಿನಂಥ ಗೂಡು ಕಟ್ಟಿ ಎರಡೋ ಮೂರೋ ಮೊಟ್ಟೆ ಇಟ್ಟಿರುತ್ತದೆ. ಅಗಲವಾದ ಎಲೆಗಳ ಅಂಚನ್ನು ಜೇಡರಬಲೆ, ಹತ್ತಿಯ ನೂಲಿನಿಂದ ಹೊಲಿದು ಟುವ್ವಿ ಹಕ್ಕಿ ಜೋಳಿಗೆ ಮಾಡಿಕೊಂಡಿರುತ್ತದೆ. ಅದು ನಿಮ್ಮ ಕಣ್ಣ ಮುಂದೆಯೇ ಇದ್ದರೂ ಕಾಣುವುದಿಲ್ಲ. ಸೂರಕ್ಕಿಯ ಗೂಡಂತೂ ಕೊಂಬೆಗೆ ನೇತುಬಿದ್ದ ಕಸದ ಗುಂಪಿನಂತಿರುತ್ತದೆ, ಬಟ್ಟೆ ಒಣಹಾಕುವ ತಂತಿಗೂ ಕಟ್ಟುವುದುಂಟು. ಕಸವೆಂದು ಕಿತ್ತೆಸೆಯುವ ಮುನ್ನ ಹತ್ತು ನಿಮಿಷ ದೂರ ಕುಳಿತು ನೋಡಿ. ಒಣಗಿದ ಹಲಸಿನ ಅಥವಾ ಹಾಲವಾಣದ ಕೊಂಬೆಯಲ್ಲಿ ದುಂಡನೆಯ ತೂತು ಕಂಡರೆ ಕುಟ್ರುಹಕ್ಕಿಯ ಮನೆ. ಅದಕ್ಕೆ ಒಣಮರವೇ ಬೇಕು. ಸೂರಿನ ಮೇಲೆ ಬೀಳುವ ಅಪಾಯವಿಲ್ಲದ ಒಣಕೊಂಬೆಗಳನ್ನು ಉಳಿಸಿ.

ಹಾವಿನ ವಿಷಯಕ್ಕೆ ಬರುತ್ತೇನೆ. ನೀವು ಕಂಡದ್ದು ಬಹುತೇಕ ಖಚಿತವಾಗಿ ಎರಡು ಕೇರೆ ಹಾವುಗಳು, ಅದರಲ್ಲೂ ಎರಡು ಗಂಡುಗಳು. ಜೋಡಿ ಕೂಡುವುದು ಎಂದು ಜನ ಭಾವಿಸುವ ಆ ಹೆಣೆದಾಟ ನಿಜವಾಗಿ ಜಟ್ಟಿ ಕಾಳಗ. ಬೇಸಿಗೆಯಲ್ಲಿ ಹೆಣ್ಣಿಗಾಗಿ ಗಂಡುಗಳು ಹೀಗೆ ಮೈಗೆ ಮೈ ಸುತ್ತಿ, ಮುಂಭಾಗ ಎತ್ತಿ, ಎದುರಾಳಿಯ ತಲೆಯನ್ನು ನೆಲಕ್ಕೆ ಒತ್ತಲು ನೋಡುತ್ತವೆ. ಕಚ್ಚುವುದಿಲ್ಲ, ಗಾಯ ಮಾಡುವುದಿಲ್ಲ. ಸೋತದ್ದು ಬಿಡಿಸಿಕೊಂಡು ಹೊರಟುಹೋಗುತ್ತದೆ. ಕೆಲವೊಮ್ಮೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ನಡೆಯುತ್ತದೆ. ಕೇರೆಯೂ ನಾಗರವೂ ಕೂಡುತ್ತವೆ ಎಂಬ ಮಾತು ನಮ್ಮ ಕಡೆ ಇದೆ, ಅದು ನಿಜವಲ್ಲ, ಅವು ಬೇರೆ ಬೇರೆ ಜಾತಿ. ಕೊಟ್ಟಿಗೆಗೆ ಬಂದು ಹಸುವಿನ ಹಾಲು ಕುಡಿಯುತ್ತದೆ ಎಂಬುದೂ ಹಾಗೆಯೇ. ಹಾವಿಗೆ ಚೀಪುವ ಬಾಯಿಯೇ ಇಲ್ಲ. ಅದು ಕೊಟ್ಟಿಗೆಗೆ ಬರುವುದು ಇಲಿಗಾಗಿ. ಅಡಿಕೆ, ಭತ್ತ, ತೆಂಗಿನಕಾಯಿ ಇರುವ ಮನೆಗೆ ಕೇರೆಗಿಂತ ಒಳ್ಳೆಯ ಕಾವಲು ಸಿಗುವುದಿಲ್ಲ. ಅದಕ್ಕೆ ವಿಷವಿಲ್ಲ, ಹಗಲಿನಲ್ಲಿ ಓಡಾಡುತ್ತದೆ, ನಿಮ್ಮ ಹೆಜ್ಜೆಯ ಸದ್ದಿಗೇ ಓಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಅದಕ್ಕಿದೆ. ಅದನ್ನು ಹಿಡಿಸಿ ಬೇರೆ ಕಡೆ ಬಿಡಿಸುವ ಯೋಚನೆ ಬೇಡ.

ಆದರೆ ದೂರದಿಂದ ನೋಡಿ ಕೇರೆಯೋ ನಾಗರವೋ ಎಂದು ತೀರ್ಮಾನಿಸುವ ಧೈರ್ಯವೂ ಬೇಡ. ಬಣ್ಣ ಎರಡಕ್ಕೂ ಒಂದೇ ಬಗೆಯ ಕಂದು ಆಗಿರಬಹುದು. ಕೇರೆಗೆ ದೊಡ್ಡ ದುಂಡು ಕಣ್ಣು, ತುಟಿಯ ಮೇಲೆ ಕಪ್ಪು ಗೆರೆಗಳಿರುತ್ತವೆ. ಆದರೆ ಅದನ್ನು ನೋಡುವಷ್ಟು ಹತ್ತಿರ ಹೋಗುವ ಅಗತ್ಯವಿಲ್ಲ. ಯಾವ ಹಾವಾದರೂ ಹತ್ತು-ಹನ್ನೆರಡು ಅಡಿ ದೂರ ನಿಂತು, ಅದು ಹೋಗಲು ದಾರಿ ಬಿಡುವುದನ್ನು ಮಗಳಿಗೆ ಕಲಿಸಿ.

ನಿಮ್ಮ ಸೀಮೆಯಲ್ಲಿ ಕಾಳಿಂಗ ಸರ್ಪವೂ ಇದೆ. ಅದರ ಮುಖ್ಯ ಆಹಾರ ಬೇರೆ ಹಾವುಗಳು, ಕೇರೆಯೆಂದರೆ ಅದಕ್ಕೆ ಇಷ್ಟ. ಬೇಸಿಗೆಯಲ್ಲಿ ಅದು ಕೇರೆಯ ಜಾಡು ಹಿಡಿದು ಅಂಗಳಕ್ಕೆ, ಕೊಟ್ಟಿಗೆಗೆ ಬರುವುದುಂಟು. ಮನುಷ್ಯರ ಮೇಲೆ ಅದಕ್ಕೆ ಯಾವ ಹಗೆಯೂ ಇಲ್ಲ. ಹಾವುಗಳಲ್ಲಿ ಎಲೆ ಒಟ್ಟಿ ಗೂಡು ಕಟ್ಟುವುದು ಅದೊಂದೇ. ಹೆಣ್ಣು ತನ್ನ ಮೈಯ ಸುರುಳಿಯಿಂದ ತರಗೆಲೆ ಎಳೆದು ಗುಡ್ಡೆ ಮಾಡಿ, ಒಳಗೆ ಇಪ್ಪತ್ತು ಮೂವತ್ತು ಮೊಟ್ಟೆ ಇಟ್ಟು ಕಾವಲು ಕೂರುತ್ತದೆ. ಕೊಳೆಯುವ ಎಲೆಯ ಬಿಸಿಯೇ ಮೊಟ್ಟೆಗಳಿಗೆ ಕಾವು. ಮಳೆ ಜಡಿಯುವಾಗಲೂ ಒಳಗೆ ನೀರು ಇಳಿಯದಷ್ಟು ಬಿಗಿಯಾಗಿರುತ್ತದೆ ಆ ಗುಡ್ಡೆ. ಆಗುಂಬೆಯಲ್ಲಿ 2005ರಲ್ಲಿ ಹಾವು ತಜ್ಞ ರೋಮುಲಸ್ ವಿಟೇಕರ್ ಅವರು ಕಟ್ಟಿದ ಮಳೆಕಾಡು ಸಂಶೋಧನಾ ಕೇಂದ್ರ ಈ ಹಾವಿನ ಬಾಳನ್ನು ಬಹಳ ಹತ್ತಿರದಿಂದ ದಾಖಲಿಸುತ್ತ ಬಂದಿದೆ. 2024ರಲ್ಲಿ ವಿಜ್ಞಾನಿಗಳು ಕಾಳಿಂಗವನ್ನು ನಾಲ್ಕು ಪ್ರಭೇದಗಳಾಗಿ ವಿಂಗಡಿಸಿದಾಗ ಪಶ್ಚಿಮಘಟ್ಟದ ಪ್ರಭೇದಕ್ಕೆ ಇಟ್ಟ ಹೆಸರು ಒಫಿಯೋಫೇಗಸ್ ಕಾಳಿಂಗ. ನಮ್ಮ ಅಜ್ಜಂದಿರು ಕರೆದ ಹೆಸರೇ ಈಗ ಜಗತ್ತಿನ ವಿಜ್ಞಾನದಲ್ಲಿ ಕೂತಿದೆ ಎಂಬುದು ನನಗೆ ತುಂಬ ಸಂತೋಷ ಕೊಟ್ಟ ಸುದ್ದಿ. ಬಿದಿರುಮೆಳೆಯ ಬುಡದಲ್ಲಿ ಯಾರೂ ಒಟ್ಟದ ಎಲೆಗುಡ್ಡೆ ಕಂಡರೆ, ಅದರ ಮೇಲೆ ಅಥವಾ ಹತ್ತಿರ ದೊಡ್ಡ ಹಾವು ಇದ್ದರೆ, ಹಿಂದೆ ಸರಿದು ಅರಣ್ಯ ಇಲಾಖೆಗೆ ತಿಳಿಸಿ. ಬೆಂಕಿ ಬೇಡವೆನ್ನುವುದಕ್ಕೆ ಇದೂ ಒಂದು ಕಾರಣ.

ನಿಜವಾಗಿ ಹುಷಾರಾಗಿರಬೇಕಾದದ್ದು ಸೌದೆರಾಶಿಯ ಹತ್ತಿರ. ಅಲ್ಲಿ ಕಟ್ಟುಹಾವು, ಕೊಳಕುಮಂಡಲ, ಚೇಳು ಏನಾದರೂ ಇರಬಹುದು. ಬಿಸಿಲಿರುವಾಗ, ಇಬ್ಬರು ಸೇರಿ, ಕಾಲಿಗೆ ಗಟ್ಟಿ ಬೂಟು ಹಾಕಿ, ರಾಶಿಯನ್ನು ಮೊದಲು ಕೋಲಿನಿಂದ ತಟ್ಟಿ, ಮೇಲಿನಿಂದ ಒಂದೊಂದೇ ತುಂಡು ತೆಗೆಯಬೇಕು. ಅಡಿಯಿಂದ ಎಳೆಯುವುದು, ಸಂದಿಗೆ ಬೆರಳು ತೂರಿಸುವುದು ಸಲ್ಲದು. ಹೊಸದಾಗಿ ಒಟ್ಟುವಾಗ ನೆಲದಿಂದ ಒಂದಡಿ ಎತ್ತರದ ಅಟ್ಟಣೆಯ ಮೇಲೆ ಒಟ್ಟಿಸಿ. ಸಂಜೆಯ ಮೇಲೆ ಟಾರ್ಚ್ ಇಲ್ಲದೆ ಯಾರೂ ಅಂಗಳಕ್ಕಿಳಿಯಬಾರದು. ಎಲ್ಲ ಎಚ್ಚರಿಕೆಯ ನಂತರವೂ ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಮದ್ದು ಹುಡುಕುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗಾಡದಂತೆ ನೋಡಿಕೊಂಡು 108ಕ್ಕೆ ಕರೆ ಮಾಡಿ, ಪ್ರತಿವಿಷವಿರುವ ಆಸ್ಪತ್ರೆಗೆ ಹೋಗಿ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅದು ಸಿಗುತ್ತದೆ ಎಂಬುದನ್ನು ಇವತ್ತೇ ವಿಚಾರಿಸಿಟ್ಟುಕೊಳ್ಳಿ. ಹಲಸು, ಪೇರಳೆ ಕಾಯಲು ಕಟ್ಟುವ ನೈಲಾನ್ ಬಲೆಯನ್ನು ನೆಲಕ್ಕೆ ತಾಗುವಂತೆ ಬಿಡಬೇಡಿ. ಕೇರೆಗಳು ಅದರಲ್ಲಿ ಸಿಕ್ಕಿ, ಬಿಡಿಸಿಕೊಳ್ಳಲು ತಿಣುಕಿ ತಿಣುಕಿ ಬಿಸಿಲಿಗೆ ಸಾಯುತ್ತವೆ. ನಾನು ಕತ್ತರಿಯಿಂದ ಬಿಡಿಸಲು ಹೋಗಿ ತಡವಾದ ದಿನಗಳಿವೆ, ಆ ನೋಟ ಮರೆಯಲಾಗುವುದಿಲ್ಲ.

ನೀರು ಇಡಿ, ಖಂಡಿತ ಇಡಿ. ಅಗಲವಾದ, ಆಳವಿಲ್ಲದ ಮಣ್ಣಿನ ತಟ್ಟೆ ಸಾಕು. ಒಂದೆರಡು ಅಂಗುಲ ನೀರು, ನಡುವೆ ಒರಟು ಕಲ್ಲುಗಳು. ಕಲ್ಲಿಲ್ಲದಿದ್ದರೆ ತುಡುವೆ ಜೇನುಗಳು ಮುಳುಗಿ ಸಾಯುತ್ತವೆ. ಬಿಸಿಲಿನಲ್ಲಿ ಗೂಡು ತಂಪು ಮಾಡಲು ಅವಕ್ಕೆ ನೀರು ಬೇಕೇ ಬೇಕು. ಒಂದು ತಟ್ಟೆ ಸೊಂಟದೆತ್ತರದಲ್ಲಿ ಹಕ್ಕಿಗಳಿಗೆ, ಇನ್ನೊಂದು ನೆಲದ ಮೇಲೆ ಮುಂಗುಸಿ, ಅಳಿಲು, ಓತಿಕ್ಯಾತಗಳಿಗೆ. ಬೆಕ್ಕು ಹೊಂಚುಹಾಕಲಾಗದಂತೆ ಪೊದೆಯಿಂದ ಏಳೆಂಟು ಅಡಿ ದೂರವಿರಲಿ. ದಿನವೂ ನೀರು ಬದಲಿಸಿ, ಎರಡು ದಿನಕ್ಕೊಮ್ಮೆ ತೆಂಗಿನ ನಾರಿನಿಂದ ಉಜ್ಜಿ. ಡೆಂಗಿ ಸೊಳ್ಳೆಗೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರವೇ ಸಾಕಾಗಬಹುದು, ಅಷ್ಟು ದಿನ ನಿಂತ ನೀರು ಮನೆಯ ಸುತ್ತ ಎಲ್ಲಿಯೂ ಇರಬಾರದು. ಸಕ್ಕರೆ ನೀರು, ಹಾಲು, ಅನ್ನ ಯಾವುದೂ ಬೇಡ. ತಟ್ಟೆಗಿಂತ ಹೆಚ್ಚು ಜೀವ ಉಳಿಸುವ ಇನ್ನೊಂದು ಕೆಲಸವಿದೆ. ನಿಮ್ಮ ಬಾವಿ, ತೋಟದ ಸಿಮೆಂಟ್ ತೊಟ್ಟಿಗಳಲ್ಲಿ ಒಂದೊಂದು ಅಡಿಕೆ ದಬ್ಬೆಯನ್ನು ಓರೆಯಾಗಿ ಇಳಿಬಿಡಿ. ಬಾಯಾರಿ ಬಂದು ಬಿದ್ದ ಅಳಿಲು, ಕಪ್ಪೆ, ಹಾವು, ಪುನುಗಿನ ಬೆಕ್ಕು ಅದನ್ನು ಹತ್ತಿ ಹೊರಬರುತ್ತವೆ. ನುಣುಪಾದ ಗೋಡೆಯ ತೊಟ್ಟಿಗೆ ಬಿದ್ದದ್ದಕ್ಕೆ ಬೇರೆ ದಾರಿಯೇ ಇಲ್ಲ.

ಮಿಂಚುಹುಳುವಿನ ಪ್ರಶ್ನೆ ನನಗೆ ಬಹಳ ಹತ್ತಿರದ್ದು. ಮಳೆಗೆ ಮುಂಚಿನ ಮೇ ತಿಂಗಳ ರಾತ್ರಿಗಳಲ್ಲಿ ಘಟ್ಟದ ಮರಗಳು ಇಡೀ ಇಡಿಯಾಗಿ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುವುದನ್ನು ನಿಮ್ಮ ಯಜಮಾನರು ನೋಡಿರುತ್ತಾರೆ. ಆ ಬೆಳಕು ಗಂಡು-ಹೆಣ್ಣುಗಳ ನಡುವಿನ ಮಾತು. ಗಂಡು ಹಾರುತ್ತ ಮಿನುಗುತ್ತದೆ, ಹುಲ್ಲಿನಲ್ಲೋ ಪೊದೆಯಲ್ಲೋ ಕುಳಿತ ಹೆಣ್ಣು ತನ್ನ ಲಯದಲ್ಲಿ ಉತ್ತರ ಕೊಡುತ್ತದೆ. ರೆಕ್ಕೆ ಬಂದ ಮೇಲೆ ಅವುಗಳ ಆಯುಸ್ಸು ಎರಡು-ಮೂರು ವಾರ, ಅಷ್ಟರಲ್ಲಿ ಜೊತೆ ಸಿಗಬೇಕು. ಅಂಗಳದಲ್ಲಿ ರಾತ್ರಿಯಿಡೀ ಬಿಳಿಯ ಎಲ್‌ಇಡಿ ದೀಪ ಉರಿಯುತ್ತಿದ್ದರೆ ಆ ಸಣ್ಣ ಮಿನುಗು ಒಂದಕ್ಕೊಂದು ಕಾಣುವುದೇ ಇಲ್ಲ. ಇದು ಒಂದು ಕಾರಣ. ಇನ್ನೊಂದು ಕಾರಣ ಕಣ್ಣಿಗೆ ಬೀಳುವುದಿಲ್ಲ. ಹಾರುವ ಹುಳು ನಾವು ನೋಡುವ ಭಾಗವಷ್ಟೇ, ಅದರ ಬಾಳಿನ ಬಹುಪಾಲು ಮರಿಯಾಗಿ ತೇವದ ಮಣ್ಣು, ತರಗೆಲೆಯಲ್ಲಿ ಕಳೆಯುತ್ತದೆ. ಬಸವನಹುಳು, ಎರೆಹುಳುಗಳನ್ನು ತಿಂದು ಬೆಳೆಯುತ್ತದೆ. ಪ್ರತಿವರ್ಷ ಎಲೆ ಸುಟ್ಟರೆ, ಕಳೆನಾಶಕ ಹೊಡೆದರೆ, ಅಂಗಳಕ್ಕೆಲ್ಲ ಸಿಮೆಂಟ್ ಇಟ್ಟಿಗೆ ಹಾಸಿದರೆ ಮಿನುಗಲು ಉಳಿಯುವುದಾದರೂ ಯಾವುದು?

ಇದು ನಿಮ್ಮ ಕೈಯಲ್ಲಿ ಸುಲಭವಾಗಿ ಸರಿಹೋಗುವ ವಿಷಯ. ಇವತ್ತಿನಿಂದ ಜೂನ್ ನಡುವಿನವರೆಗೆ ಸಂಜೆ ಏಳರಿಂದ ಹೊರಗಿನ ದೀಪ ಆರಿಸಿಡಿ. ಓಡಾಡಲು ಬೆಳಕು ಬೇಕಾದಲ್ಲಿ ಹಳದಿಯ ಮಂದ ದೀಪ, ಮೇಲೆ ಮುಚ್ಚಿದ್ದು, ನೆಲಕ್ಕಷ್ಟೇ ಬೀಳುವಂತೆ ಇರಲಿ. ಹಿತ್ತಿಲಿನ ಅತ್ಯಂತ ತೇವದ ಮೂಲೆಯನ್ನು, ಬಚ್ಚಲ ನೀರು ಹರಿದುಹೋಗುವ ಬಾಳೆಬುಡದಂಥ ಜಾಗವನ್ನು, ಪೂರ್ತಿ ಮುಟ್ಟದೆ ಬಿಡಿ. ದೀಪ ಆರಿಸಿದ ಫಲ ಕೆಲವು ರಾತ್ರಿಗಳಲ್ಲಿಯೇ ಕಾಣಬಹುದು. ಎಲೆ ಉಳಿಸಿದ ಫಲ ಕಾಣುವುದು ಮುಂದಿನ ಮೇ ತಿಂಗಳಲ್ಲಿ.

ಮಾವಿನ ಮರದಲ್ಲಿ ಎಲೆ ಹೆಣೆದ ಚಗಳಿ ಇರುವೆಯ ಕೊಟ್ಟೆಗಳಿದ್ದರೆ ತೆಗೆಸಬೇಡಿ, ಮರಕ್ಕೆ ಬರುವ ಎಷ್ಟೋ ಕೀಟಗಳನ್ನು ಆ ಇರುವೆಗಳೇ ಹಿಡಿಯುತ್ತವೆ. ಗೋಡೆಗೆ ತಾಗುವ ರೆಂಬೆಯೊಂದನ್ನು ಕತ್ತರಿಸಿದರೆ ಮನೆಯೊಳಗೆ ಬರುವುದಿಲ್ಲ. ಬಾವಲಿಗಳು ಕಚ್ಚಿ ಬೀಳಿಸಿದ ಹಣ್ಣನ್ನು ಯಾರೂ ತಿನ್ನಬಾರದು, ಮಗಳಿಗೂ ಹೇಳಿ. ಆದರೆ ಅವುಗಳನ್ನು ಓಡಿಸಲು ಪಟಾಕಿ ಹೊಡೆಯುವುದು ಬೇಡ. ಎಷ್ಟೋ ಮರಗಳ ಬೀಜ ಊರಿಂದೂರಿಗೆ ಹೋಗುವುದು ಅವುಗಳಿಂದಲೇ.

ಮಗಳನ್ನು ಧಾರಾಳವಾಗಿ ಬಿಡಿ, ಮೇಲೆ ಹೇಳಿದ ಗಡಿಯೊಳಗೆ. ಪಾದ ಮುಚ್ಚುವ ಚಪ್ಪಲಿ ಅಥವಾ ಬೂಟು, ಉದ್ದನೆಯ ಪ್ಯಾಂಟು, ಕೈಯಲ್ಲೊಂದು ಕೋಲು. ಜೀರುಂಡೆಗಳು ಕಿವಿ ಹರಿಯುವಂತೆ ಕೂಗುವ ಮರದ ಕಾಂಡವನ್ನು ಹುಡುಕಲು ಹೇಳಿ. ಬೆನ್ನು ಸೀಳಿದ ಕಂದು ಬಣ್ಣದ ಪೊರೆಗಳು ಅಂಟಿಕೊಂಡಿರುತ್ತವೆ. ಬೇರಿನ ರಸ ಕುಡಿಯುತ್ತ ಮಣ್ಣಿನೊಳಗೆ ವರ್ಷಗಟ್ಟಲೆ ಇದ್ದ ಮರಿ ಮೇಲೆ ಬಂದು ಕಳಚಿಟ್ಟ ಅಂಗಿ ಅದು. ಕೂಗುವುದು ಗಂಡು ಮಾತ್ರ. ಬೇಲಿಗೂಟದ ಮೇಲೆ ಕೊರಳು ಕೆಂಪಗೆ ಮಾಡಿಕೊಂಡು ತಲೆ ಆಡಿಸುವ ಓತಿಕ್ಯಾತ ರಕ್ತ ಹೀರುತ್ತದೆ ಎಂದು ಯಾರಾದರೂ ಹೆದರಿಸಿದರೆ ನಂಬಬೇಡ ಎನ್ನಿ, ಅದು ಜೋಡಿ ಹುಡುಕುವ ಕಾಲದ ಬಣ್ಣ. ಅಡಿಕೆ ತೋಟ ಹತ್ತಿರವಿದ್ದರೆ ಮರದಿಂದ ಮರಕ್ಕೆ ತೇಲುವ ಹಾರುವ ಓತಿಯನ್ನು ತೋರಿಸಿ. ಕಾಂಡದಲ್ಲಿ ಇರುವೆ ಹೆಕ್ಕುತ್ತ, ನಡುನಡುವೆ ಗಂಟಲ ಹಳದಿ ಚೀಲವನ್ನು ಬೀಸಣಿಗೆಯಂತೆ ಬಿಚ್ಚುತ್ತದೆ. ಕರಿಬೇವು, ನಿಂಬೆ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳು ಚಿಟ್ಟೆಯ ಮರಿ. ನಾಲ್ಕು ಎಲೆ ಹೋದರೂ ಔಷಧಿ ಹೊಡೆಯಬೇಡಿ. ಹಿತ್ತಿಲಿನ ಹಳೆಯ ಮರದಲ್ಲಿ ಸೀತಾಳೆ ದಂಡೆ ಎಂಬ ಆರ್ಕಿಡ್ ಇದ್ದರೆ ಅಡ್ಡಮಳೆಯ ನಂತರ ಅದು ಹೂಗೊಂಚಲು ಇಳಿಬಿಡುವುದನ್ನು ಅವಳು ದಿನವೂ ಅಳೆಯಬಹುದು. ಮೊದಲ ದೊಡ್ಡ ಮಳೆ ಬಿದ್ದ ಸಂಜೆ ಗೆದ್ದಲಿನ ಮಳೆಹುಳುಗಳು ನೆಲದಿಂದ ಹೊಗೆಯಂತೆ ಏಳುತ್ತವೆ. ಆಗ ಒಳಗಿನ ದೀಪಗಳನ್ನೂ ಆರಿಸಿ ಎಲ್ಲರೂ ಜಗಲಿಯಲ್ಲಿ ಕುಳಿತುಕೊಳ್ಳಿ. ಕಾಜಾಣ, ಬಾವಲಿ, ಕಪ್ಪೆ, ಹಲ್ಲಿ ಎಲ್ಲವೂ ಊಟಕ್ಕೆ ಬಂದಿರುತ್ತವೆ.

ಗೋಡೆಯ ತೂತಿನ ಬಗ್ಗೆ ಇನ್ನೊಂದು ಮಾತು ಉಳಿದಿದೆ. ಗೋಡೆಗೆ ನೀರು ಇಳಿಯುತ್ತಿದ್ದರೆ ಅದನ್ನು ಮುಚ್ಚಲೇಬೇಕು, ಮರಿಗಳು ಹಾರಿದ ಮೇಲೆ ಮುಚ್ಚಿಸಿ. ಗಾರೆಯವರು ಬಂದ ದಿನವೇ ಅದೇ ಗೋಡೆಯಲ್ಲಿ, ಸೂರಿನ ಅಡಿಗೆ, ಆಳೆತ್ತರಕ್ಕಿಂತ ಮೇಲೆ ಒಂದು ಸಣ್ಣ ಮಣ್ಣಿನ ಮಡಕೆಯನ್ನು ಅಡ್ಡಲಾಗಿ ಕಟ್ಟಿಸಿ. ಬಾಯಿ ಹೊರಮುಖವಾಗಿ ಸ್ವಲ್ಪ ಕೆಳಕ್ಕೆ ಬಾಗಿರಲಿ, ನೀರು ಒಳಗೆ ನಿಲ್ಲಬಾರದು. ಒಳಗೆ ಏನನ್ನೂ ತುಂಬಬೇಡಿ, ಮುಂದೆ ಕೂರುವ ಕಡ್ಡಿಯನ್ನೂ ಇಡಬೇಡಿ, ಅದು ಕಾಗೆಗೆ ಅನುಕೂಲ. ಮುಂದಿನ ಮಾರ್ಚ್ ತಿಂಗಳಲ್ಲಿ ಮಡಿವಾಳ ಹಾಡಲು ಶುರುಮಾಡುವ ಹೊತ್ತಿಗೆ ಅದು ತಯಾರಿರಬೇಕು.